ಬೆಳಗುವ ಕೈಗಳು

ನಮ್ಮ ಕನ್ನಡದಲ್ಲಿ 'ಬೆಳಗು' ಎಂಬ ಒಂದು ಸೊಗಸಾದ ಕ್ರಿಯಾಪದವಿದೆ. ದೀಪವನ್ನು ಬೆಳಗುತ್ತೇವೆ, ಆರತಿಯನ್ನು ಬೆಳಗುತ್ತೇವೆ, ಮುಸುರೆ ಪಾತ್ರೆಯನ್ನೂ ಬೆಳಗುತ್ತೇವೆ. ಇರುಳು ಕಳೆದು ಬರುವ ಹೊತ್ತಿಗೂ ಬೆಳಗು ಎಂದೇ ಹೆಸರು. ದೇವರ ಮುಂದೆ ಸೊಡರು ಹಚ್ಚುವ ಕೆಲಸಕ್ಕೂ, ಹಿತ್ತಿಲ ಕಲ್ಲಿನ ಮೇಲೆ ಕುಳಿತು ಹುಣಸೆಹಣ್ಣಿನಿಂದ ಹಿತ್ತಾಳೆಯ ಬಿಂದಿಗೆಯನ್ನು ತಿಕ್ಕುವ ಕೆಲಸಕ್ಕೂ ಒಂದೇ ಮಾತನ್ನು ಬಳಸಿದ ನಮ್ಮ ಹಿರಿಯರು ಎರಡರಲ್ಲಿಯೂ ಒಂದೇ ಬಗೆಯ ಫಲವನ್ನು ಕಂಡಿರಬೇಕು. ಇದರ ಜೊತೆಗೆ ಒಪ್ಪ, ಮೆರುಗು, ಹೊಳಪು, ಸಾಣೆ ಮುಂತಾಗಿ ಇನ್ನೆಷ್ಟೋ ಮಾತುಗಳು ನಮ್ಮಲ್ಲಿವೆ. ಆದರೆ ಆ ಕೆಲಸವನ್ನೇ ಬದುಕಾಗಿಸಿಕೊಂಡ ಜನರನ್ನು ಕುರಿತು ನಾವು ಮಾತನಾಡುವುದು ಕಡಿಮೆ. ಪ್ರಿಯ ಶಿಷ್ಯರೇ, ಬಂಧುಗಳೇ, ಇಂದು ಅಂಥವರ ಬಗ್ಗೆ ನಾಲ್ಕು ಮಾತು ಬರೆಯಬೇಕೆನಿಸಿದೆ. ಮೂವತ್ತು ವರ್ಷಕ್ಕೂ ಮಿಕ್ಕಿ ವಿಜ್ಞಾನ ಪಾಠ ಹೇಳಿದವನು ನಾನು. ಆದುದರಿಂದ ನಡುನಡುವೆ ಪಾಠದ ಧಾಟಿ ಇಣುಕಿದರೆ ದಯವಿಟ್ಟು ಸಹಿಸಿಕೊಳ್ಳಿ.

ಮೊದಲು ಹಿತ್ತಿಲ ಕಲ್ಲಿನಿಂದಲೇ ಪ್ರಾರಂಭಿಸೋಣ. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ಗಾಳಿ, ತೇವ, ಅಡುಗೆಮನೆಯ ಹೊಗೆ ತಾಗಿದಂತೆ ಮೇಲ್ಮೈಯಲ್ಲಿರುವ ತಾಮ್ರವು ಆಕ್ಸೈಡ್ ಆಗಿ, ಸಲ್ಫೈಡ್ ಆಗಿ ಕಪ್ಪಿಡುತ್ತದೆ. ಹುಣಸೆಹಣ್ಣಿನ ಟಾರ್ಟಾರಿಕ್ ಆಮ್ಲವು ಈ ಪೊರೆಯನ್ನು ಕರಗಿಸುತ್ತದೆ. ಬೂದಿಯ ಕ್ಷಾರ ಜಿಡ್ಡನ್ನು ಬಿಡಿಸುತ್ತದೆ. ಅದರೊಳಗಿನ ನವುರಾದ ಕಣಗಳು ಲೋಹವನ್ನು ಅತ್ಯಲ್ಪವಾಗಿ ಉಜ್ಜುತ್ತವೆ. ತೆಂಗಿನ ನಾರು ಈ ಎರಡನ್ನೂ ಪಾತ್ರೆಯ ಉಬ್ಬುತಗ್ಗುಗಳಿಗೆ ಒಯ್ಯುತ್ತದೆ. ಒಂದು ರಾಸಾಯನಿಕ, ಒಂದು ಅಪಘರ್ಷಕ, ಅವನ್ನು ಹಿಡಿದಿಡಲು ಒಂದು ಮೆತ್ತೆ. ಇಂದಿನ ಯಾವ ಪಾಲಿಶ್ ಕಾರ್ಖಾನೆಗೆ ಹೋದರೂ ನಿಮಗೆ ಕಾಣುವುದು ಈ ಮೂರೇ. ನಮ್ಮ ಅಜ್ಜಿಯ ತೋಳಿನ ಬದಲಿಗೆ ಅಲ್ಲಿ ವಿದ್ಯುತ್ ಮೋಟಾರು ತಿರುಗುತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ಹೊಳಪೆಂದರೇನು ಎಂದು ತರಗತಿಯಲ್ಲಿ ಕೇಳುತ್ತಿದ್ದೆ. ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಒರಟು ಮೇಲ್ಮೈಯ ಮೇಲೆ ಬಿದ್ದ ಬೆಳಕು ಕಂಡಕಂಡ ದಿಕ್ಕಿಗೆ ಚದುರುತ್ತದೆ. ನಯವಾದ ಮೇಲ್ಮೈಯಿಂದ ಶಿಸ್ತಾಗಿ ಒಂದೇ ದಿಕ್ಕಿಗೆ ಹಿಂತಿರುಗುತ್ತದೆ. ಎಷ್ಟು ನಯವಾಗಿರಬೇಕು? ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರೋಮೀಟರ್. ಗೀರುಗಳು ಇದಕ್ಕಿಂತ ಬಹಳ ಚಿಕ್ಕದಾದಾಗ ಬೆಳಕಿನ ಪಾಲಿಗೆ ಅವು ಇಲ್ಲದಂತೆಯೇ. ಆಗ ಲೋಹ ಕನ್ನಡಿಯಾಗುತ್ತದೆ. ಪಾಲಿಶ್ ಮಾಡುವುದೆಂದರೆ ಗೀರನ್ನು ಅಳಿಸುವುದು ಎಂದು ನಾವು ತಿಳಿಯುತ್ತೇವೆ. ಆದರೆ ಅಲ್ಲಿ ನಡೆಯುವುದು ದೊಡ್ಡ ಗೀರಿನ ಜಾಗದಲ್ಲಿ ಸಣ್ಣ ಗೀರನ್ನು, ಅದರ ಜಾಗದಲ್ಲಿ ಇನ್ನೂ ಸಣ್ಣದನ್ನು ಎಳೆಯುತ್ತಾ ಹೋಗುವ ಕೆಲಸ.

ಗಾಜಿನ ಕನ್ನಡಿ ಮನೆಮನೆಗೆ ಬರುವ ಮುನ್ನ ಲೋಹವೇ ಕನ್ನಡಿಯಾಗಿತ್ತು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇಗುಲದಲ್ಲಿ ದರ್ಪಣಸುಂದರಿ ಕೈಯಲ್ಲಿ ಕನ್ನಡಿ ಹಿಡಿದು ನಿಂತಿದ್ದಾಳೆ. ಆ ಕಾಲದಲ್ಲಿ ಅಂಥ ದರ್ಪಣವೆಂದರೆ ಒಪ್ಪವಿಟ್ಟ ಲೋಹದ ಬಿಲ್ಲೆ. ಆಕೆಯ ಸೌಂದರ್ಯವನ್ನು ಎಲ್ಲರೂ ಹೊಗಳುತ್ತೇವೆ. ಅಂಥ ಬಿಲ್ಲೆಗಳನ್ನು ದಿನಗಟ್ಟಲೆ ಉಜ್ಜಿ ಮುಖ ಕಾಣುವಂತೆ ಮಾಡಿದವರು ಯಾರೋ ತಿಳಿಯದು. 1668ರಲ್ಲಿ ಐಸಾಕ್ ನ್ಯೂಟನ್ ತನ್ನ ಮೊದಲ ಪ್ರತಿಫಲನ ದೂರದರ್ಶಕಕ್ಕೆ ಬೇಕಾದ ಲೋಹದ ಕನ್ನಡಿಯನ್ನು ತನ್ನ ಕೈಯಿಂದಲೇ ಉಜ್ಜಿ ಸಿದ್ಧಪಡಿಸಿದ. ರಾಳದ ಮೆತ್ತೆಯ ಮೇಲೆ ನುಣುಪಾದ ಪುಡಿ ಹಾಕಿ ತಿಕ್ಕುವ ಬಗೆಯನ್ನು ಆತ ಬರೆದಿಟ್ಟಿದ್ದಾನೆ. ಗುರುತ್ವಾಕರ್ಷಣೆಯ ನಿಯಮ ಕಂಡ ಮಹಾಶಯನೂ ಪಾತ್ರೆ ಬೆಳಗುವವರ ಸಾಲಿನಲ್ಲಿ ಕುಳಿತಿದ್ದವನೇ.

ಕೈಯಿಂದ ಯಂತ್ರಕ್ಕೆ ಬಂದ ಕಥೆಯೂ ಸ್ವಾರಸ್ಯಕರ. ಹಿಂದೆ ಎಮರಿ ಕಲ್ಲಿನ ಪುಡಿ ಗ್ರೀಸಿನ ನ್ಯಾಕ್ಸೋಸ್ ದ್ವೀಪದಿಂದಲೂ ತುರ್ಕಿಯಿಂದಲೂ ಬರುತ್ತಿತ್ತು. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ವಿದ್ಯುತ್ ಕುಲುಮೆಯಲ್ಲಿ ಸಿಲಿಕಾನ್ ಕಾರ್ಬೈಡನ್ನು ತಯಾರಿಸಿದ; ನಮ್ಮ ಜನ ಕಾರ್ಬೊರಂಡಂ ಎಂದು ಕರೆಯುವುದು ಇದನ್ನೇ. 1954ರಲ್ಲಿ ಜರ್ಮನಿಯ ಒಂದು ಕಂಪನಿ ಕೈಯಲ್ಲಿ ಹಿಡಿಯುವ ಆಂಗಲ್ ಗ್ರೈಂಡರನ್ನು ಹೊರತಂದಿತು. 1958ರಲ್ಲಿ ನೈಲಾನ್ ಎಳೆಗಳಲ್ಲಿ ಅಪಘರ್ಷಕ ಕಣಗಳನ್ನು ಅಂಟಿಸಿದ ಸ್ಕಾಚ್ ಬ್ರೈಟ್ ಮೆತ್ತೆ ಬಂದಿತು. ನಿಮ್ಮ ಅಡುಗೆಮನೆಯ ಹಸಿರು ಚೌಕದ ಅಣ್ಣತಮ್ಮಂದಿರು ಚಕ್ರದ ರೂಪದಲ್ಲಿ, ಬಿಲ್ಲೆಯ ರೂಪದಲ್ಲಿ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ನಮ್ಮ ಸೀಮೆಗೂ ಈ ಕಥೆಯಲ್ಲಿ ಪಾಲಿದೆ. ಹಳೆ ಮದ್ರಾಸ್ ರಸ್ತೆಯಿಂದ ದೇವನಹಳ್ಳಿಯತ್ತ ಹೊರಳುವ ರಸ್ತೆಯಲ್ಲಿ ಗ್ರೈಂಡ್‌ವೆಲ್ ನಾರ್ಟನ್ ಕಂಪನಿಯ ಕಾರ್ಖಾನೆಯಿದೆ. ಉಜ್ಜುವ, ಅರೆಯುವ ಸಾಮಗ್ರಿಗಳೇ ಅವರ ವ್ಯಾಪಾರ. ಆ ದಾರಿಯಲ್ಲಿ ಬಸ್ಸಿನಲ್ಲಿ ಎಷ್ಟೋ ಸಲ ಓಡಾಡಿದ ನಮ್ಮವರಿಗೆ ಒಳಗೆ ಏನು ತಯಾರಾಗುತ್ತದೆ ಎಂದು ಕೇಳಿದರೆ ಗೊತ್ತಿರಲಾರದು.

ಈಗ ನನ್ನ ಶಿಷ್ಯನ ವಿಷಯಕ್ಕೆ ಬರುತ್ತೇನೆ. ಹೆಸರು ಹೇಳುವುದಿಲ್ಲ. ತೊಂಬತ್ತರ ದಶಕದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು, ಗಣಿತದಲ್ಲಿ ಚುರುಕು, ಇಂಗ್ಲಿಷಿನಲ್ಲಿ ಹಿಂದೆ. ಮನೆಯ ಕೈಮಗ್ಗ ನಿಂತುಹೋಗಿತ್ತು. ಬೆಂಗಳೂರಿನ ಒಂದು ಕಾರ್ಖಾನೆಗೆ ಹೆಲ್ಪರನಾಗಿ ಸೇರಿ, ಬಫಿಂಗ್ ಕಲಿತು, ಹಿಂತಿರುಗಿ ದೊಡ್ಡಬಳ್ಳಾಪುರದ ಹೊರವಲಯದಲ್ಲಿ ತಗಡಿನ ಶೆಡ್ಡೊಂದನ್ನು ಬಾಡಿಗೆಗೆ ಹಿಡಿದ. ಈಗ ನಾಲ್ಕು ಜನ ಹುಡುಗರು ಅವನಲ್ಲಿ ಕೆಲಸಕ್ಕಿದ್ದಾರೆ. ಹೋಟೆಲಿನ ಸ್ಟೀಲ್ ಮೇಜು, ಮೆಟ್ಟಿಲ ಕಂಬಿ, ಅಚ್ಚೊಯ್ದ ಅಲ್ಯೂಮಿನಿಯಂ ಭಾಗಗಳು, ಹಬ್ಬದ ದಿನಗಳಲ್ಲಿ ದೇವಸ್ಥಾನಗಳ ಹಿತ್ತಾಳೆ ದೀಪದ ಕಂಬಗಳು ಅವನಲ್ಲಿಗೆ ಬರುತ್ತವೆ. ನನ್ನ ತಮ್ಮನ ಮಗಳ ಗೃಹಪ್ರವೇಶಕ್ಕೆಂದು ಅಟ್ಟದ ಮೇಲಿದ್ದ ಹಳೆಯ ಪಾತ್ರೆಗಳನ್ನು ಹೊಳಪು ಮಾಡಿಸಬೇಕಾಗಿ ಬಂದಾಗ ಅವನನ್ನು ಹುಡುಕಿಕೊಂಡು ಹೋದೆ.

ಶೆಡ್ಡಿನಲ್ಲಿ ಒಂದು ಜೋಡಿ ಚಕ್ರದ ಬಫಿಂಗ್ ಮೋಟಾರು, ನಾಲ್ಕಾರು ಕೈ ಗ್ರೈಂಡರುಗಳು. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಎಮರಿ ಪಟ್ಟಿಗಳು: 80, 120, 220, 400. ಅಂಕಿ ಹೆಚ್ಚಿದಂತೆ ಕಣ ನುಣುಪು. "ಒಂದು ನಂಬರ್ ಹಾರಿಸಿದ್ರೆ ಕೊನೇಲಿ ಗೊತ್ತಾಗುತ್ತೆ ಸಾರ್" ಎಂದ. "80ರ ಗೀರನ್ನ 400 ತೆಗೆಯೋದಿಲ್ಲ. ಮೇಲೆ ಹೊಳೆಯುತ್ತೆ, ಬಿಸಿಲಿಗೆ ಹಿಡಿದ್ರೆ ಒಳಗಿನ ಗೀರೆಲ್ಲ ಎದ್ದು ಕಾಣುತ್ತೆ." ಪ್ರತಿ ಹಂತದಲ್ಲೂ ಹಿಂದಿನ ಗೀರಿಗೆ ಅಡ್ಡವಾಗಿ ಉಜ್ಜಬೇಕಂತೆ, ಹಿಂದಿನದು ಪೂರ್ತಿ ಹೋಗಿದೆಯೇ ಎಂದು ತಿಳಿಯಲು ಅದೇ ಉಪಾಯ. ಐದನೆಯ ತರಗತಿಯ ಭಿನ್ನರಾಶಿ ಬಾರದೆ ಹತ್ತನೆಯ ತರಗತಿಗೆ ಬಂದ ಮಕ್ಕಳಿಗೆ ಬೀಜಗಣಿತ ಕಲಿಸಲು ಹೆಣಗಿದ ನನಗೆ ಅವನ ಮಾತು ಬೇಗ ಅರ್ಥವಾಯಿತು.

ಎಮರಿಯ ನಂತರ ಕತ್ತಾಳೆಯಂಥ ನಾರಿನ ಚಕ್ರ, ಅದಾದ ಮೇಲೆ ಹತ್ತಿಬಟ್ಟೆಯ ಪದರಗಳನ್ನು ಹೊಲಿದು ಮಾಡಿದ ಚಕ್ರ. ತಿರುಗುವ ಚಕ್ರಕ್ಕೆ ಮೇಣದಂತಹ ಗಟ್ಟಿಯನ್ನು ಆಗಾಗ ತಾಗಿಸುತ್ತಾರೆ. ಅದಕ್ಕೆ ಬಫಿಂಗ್ ಸೋಪು ಎನ್ನುತ್ತಾರೆ. ಕೊಬ್ಬು, ಮೇಣಗಳ ಜೊತೆ ಅಪಘರ್ಷಕದ ಪುಡಿಯನ್ನು ಕಲಸಿದ ಗಟ್ಟಿಯದು. ಕಂದು ಬಣ್ಣದ್ದರಲ್ಲಿ ಟ್ರಿಪೋಲಿ ಎಂಬ ಸಿಲಿಕಾ ಪುಡಿ, ಹಸಿರಿನದರಲ್ಲಿ ಕ್ರೋಮಿಯಂ ಆಕ್ಸೈಡ್, ಅಕ್ಕಸಾಲಿಗರು ಬಳಸುವ ಕೆಂಪಿನದರಲ್ಲಿ ಕಬ್ಬಿಣದ ಆಕ್ಸೈಡ್. ಕಬ್ಬಿಣ ಉಜ್ಜಿದ ಮೆತ್ತೆಯಿಂದ ಸ್ಟೇನ್‌ಲೆಸ್ ಸ್ಟೀಲನ್ನು ಉಜ್ಜುವಂತಿಲ್ಲ ಎಂಬುದು ಅವನ ಶೆಡ್ಡಿನ ಕಟ್ಟುನಿಟ್ಟು. ಸ್ಟೀಲು ತುಕ್ಕು ಹಿಡಿಯದಿರುವುದಕ್ಕೆ ಕಾರಣ ಅದರೊಳಗಿನ ಕ್ರೋಮಿಯಂ ಕಟ್ಟುವ ಅತಿ ತೆಳುವಾದ ಆಕ್ಸೈಡ್ ಪೊರೆ. ಮೆತ್ತೆಗೆ ಅಂಟಿದ ಕಬ್ಬಿಣದ ಕಣ ಅದರ ಮೇಲೆ ಕುಳಿತರೆ ನಾಲ್ಕು ದಿನದಲ್ಲಿ ಅಲ್ಲಿ ತುಕ್ಕಿನ ಚುಕ್ಕೆ. ಆಗ ಗಿರಾಕಿ ಸ್ಟೀಲು ಕಲಬೆರಕೆಯೆಂದು ಜಗಳಕ್ಕೆ ಬರುತ್ತಾನಂತೆ.

ನಾನು ತಂದಿದ್ದ ಬಿಂದಿಗೆಯನ್ನು ಅವನು ಚಕ್ರಕ್ಕೆ ಹಿಡಿಯುವ ಮೊದಲು ಬೆಳಕಿನ ಕಡೆಗೆ ತಿರುಗಿಸಿ ನೋಡಿದ. ಹಿಂದೆ ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆ ಹೆಸರು ಕೊರೆಸುವ ಪದ್ಧತಿ ನಿಮಗೆಲ್ಲ ಗೊತ್ತು. ಅದರ ಕಂಠದ ಕೆಳಗೆ ನಮ್ಮ ಅಜ್ಜಿಯ ಹೆಸರೂ ಅವರ ತೌರೂರಿನ ಹೆಸರೂ ಚುಕ್ಕೆಚುಕ್ಕೆಯಾಗಿ ಇದ್ದವು. ಅಜ್ಜಿಗೆ ಓದುಬರಹ ಬಾರದು. ಅವರ ಹೆಸರು ಬರಹದಲ್ಲಿ ಉಳಿದಿರುವುದು ನಮ್ಮ ಮನೆಯಲ್ಲಿ ಅದೊಂದೇ ಕಡೆ. ಹುಡುಗನೊಬ್ಬ ಬಿಂದಿಗೆಗೆ ಕೈಚಾಚಿದಾಗ ಇವನು ತಡೆದ. "ಸಾರ್, ಬಫ್ ಅಂದ್ರೆ ಲೋಹಾನ ತೆಗೆಯೋದು. ಈ ಅಕ್ಷರ ಆಳವಿಲ್ಲ. ವೀಲಿಗೆ ಹಿಡಿದ್ರೆ ಪಾತ್ರೆ ಹೊಸದಾಗುತ್ತೆ, ಅಜ್ಜಿ ಹೆಸರು ಹೋಗುತ್ತೆ. ಏನ್ ಮಾಡ್ಲಿ ಹೇಳಿ." ತಮ್ಮನ ಮಗಳಿಗೆ ದೂರವಾಣಿ ಮಾಡಿದೆ. ಅವಳು ಕ್ಷಣವೂ ಯೋಚಿಸದೆ "ದೊಡ್ಡಪ್ಪ, ಹೆಸರು ಇರಲಿ, ಹೊಳಪು ಸ್ವಲ್ಪ ಕಡಿಮೆಯಾದರೂ ಸರಿ" ಎಂದಳು. ಹೊಟ್ಟೆಯ ಭಾಗವನ್ನು ಮಾತ್ರ ಯಂತ್ರಕ್ಕೆ ಹಿಡಿದು, ಹೆಸರಿನ ಸುತ್ತ ಹುಣಸೆಹಣ್ಣು ಸವರಿ ಬಟ್ಟೆಯಿಂದ ಅವನೇ ಕುಳಿತು ಉಜ್ಜಿಕೊಟ್ಟ. ಆ ಅರ್ಧ ಗಂಟೆಗೆ ಅವನು ಕೂಲಿ ತೆಗೆದುಕೊಳ್ಳಲಿಲ್ಲ. ನಾನು ಬಲವಂತ ಮಾಡಿದ್ದಕ್ಕೆ ಹುಡುಗರಿಗೆ ಕಾಫಿ ತರಿಸಲು ಒಪ್ಪಿದ.

ಆದುದರಿಂದ ಬಂಧುಗಳಲ್ಲಿ ಒಂದು ಮಾತು. ಹಳೆಯ ಪಾತ್ರೆಗಳನ್ನು ಪಾಲಿಶಿಗೆ ಕೊಡುವ ಮುನ್ನ ಹೆಸರನ್ನು ಓದಿ, ಬರೆದುಕೊಳ್ಳಿ, ಚಿತ್ರ ತೆಗೆದಿಡಿ. ಅಡುಗೆಯ ಹಿತ್ತಾಳೆ ಪಾತ್ರೆಯ ಒಳಮೈಯನ್ನು ಎಂದೂ ಬಫ್ ಮಾಡಿಸಬೇಡಿ. ತವರದ ಕಲಾಯಿ ಹೋದರೆ ಹುಳಿ ಪದಾರ್ಥ ತಾಗಿ ಕಿಲುಬು ಏಳುತ್ತದೆ, ಅದು ವಿಷ. ಕಂಚಿನ ಹಳೆಯ ವಿಗ್ರಹಗಳಿಗೆ ಕಾಲ ಕೊಟ್ಟ ಪೊರೆಯೇ ರಕ್ಷೆ. ಉತ್ಸವಮೂರ್ತಿಗಳ ಕಣ್ಣು ಮೂಗುಗಳು ಸವೆಯುವುದಕ್ಕೆ ಭಕ್ತಿಯಿಂದ ಮಾಡಿದ ಅತಿಯಾದ ಉಜ್ಜುವಿಕೆಯೂ ಒಂದು ಕಾರಣ. 2022ರ ನವೆಂಬರ್ 11ರಂದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅನಾವರಣಗೊಂಡ 108 ಅಡಿಯ ಕೆಂಪೇಗೌಡರ ಪ್ರತಿಮೆಗೆ 98 ಟನ್ ಕಂಚು ಬಳಸಿದ್ದಾರೆ. ಅದನ್ನು ಕನ್ನಡಿಯಂತೆ ಮಾಡಿ ನಿಲ್ಲಿಸಿಲ್ಲ, ಮಾಡಲೂ ಬಾರದು. ಎಲ್ಲ ಲೋಹಕ್ಕೂ ಒಂದೇ ಹೊಳಪು ಸಲ್ಲುವುದಿಲ್ಲ.

ಇಷ್ಟಾದ ಮೇಲೆ ನನಗೆ ಅವನ ಕೆಮ್ಮು ಕೇಳಿಸಿತು. ಮೋಟಾರು ನಿಂತಾಗ ಮಾತ್ರ ಕೇಳಿಸುವ ಒಣ ಕೆಮ್ಮು. ಮುಖಕ್ಕೆ ಕರವಸ್ತ್ರ ಕಟ್ಟಿದ್ದ. ಮೂಗಿನ ಕೆಳಗೆ ಕಪ್ಪು ಗೆರೆ, ಹುಬ್ಬಿನ ಮೇಲೆ ಹತ್ತಿಯ ನವುರು. ಶೆಡ್ಡಿನ ತಗಡಿನಲ್ಲಿದ್ದ ತೂತಿನಿಂದ ಬಿಸಿಲ ಕೋಲೊಂದು ಇಳಿದಿತ್ತು. ಅದರೊಳಗೆ ಧೂಳು ಹೊಯ್ದಾಡುತ್ತಿತ್ತು. ಟಿಂಡಾಲ್ ಪರಿಣಾಮವನ್ನು ತೋರಿಸಲು ಶಾಲೆಯಲ್ಲಿ ಕಿಟಕಿ ಮುಚ್ಚಿ ಸೀಮೆಸುಣ್ಣದ ಪುಡಿ ಊದುತ್ತಿದ್ದೆ. ಇಲ್ಲಿ ಆ ಪ್ರಯೋಗ ದಿನಕ್ಕೆ ಹತ್ತು ಗಂಟೆ ನಡೆಯುತ್ತಿದೆ.

"ಡಾಕ್ಟರಿಗೆ ತೋರಿಸಿದೆಯೇನಪ್ಪಾ?" ಎಂದೆ. ತೋರಿಸಿದ್ದ, ಎರಡು ಸಲ ಸಿರಪ್ಪು ಬರೆದುಕೊಟ್ಟಿದ್ದರು. "ಏನು ಕೆಲಸ ಮಾಡ್ತೀಯ ಅಂತ ಕೇಳಿದರೆ?" "ಸ್ವಂತ ಬಿಸಿನೆಸ್ ಅಂದೆ ಸಾರ್." ಆ ಉತ್ತರದಲ್ಲಿದ್ದ ಅಭಿಮಾನ ನನಗೆ ತಿಳಿಯದ್ದಲ್ಲ. ಹೆಲ್ಪರನಾಗಿ ಹೊರಟವನು ಯಜಮಾನನಾಗಿದ್ದಾನೆ. ಆದರೆ ವೈದ್ಯರಿಗೆ ಬೇಕಾಗಿದ್ದುದು ಇನ್ನೊಂದು ಮಾತು: ಇಪ್ಪತ್ತು ವರ್ಷಗಳಿಂದ ಲೋಹ ಉಜ್ಜುತ್ತಿದ್ದೇನೆ ಎಂಬುದು.

ಇದೇನೂ ಹೊಸ ರೋಗವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ ಚಾಕು, ಕತ್ತರಿಗಳನ್ನು ಮರಳುಗಲ್ಲಿನ ಚಕ್ರದ ಮೇಲೆ ಸಾಣೆ ಹಿಡಿಯುತ್ತಿದ್ದವರು ಉಸಿರಾಟದ ಕಾಯಿಲೆಯಿಂದ ಎಳೆಯ ಪ್ರಾಯದಲ್ಲೇ ಸಾಯುತ್ತಿದ್ದರು. 'ಸಾಣೆಯವರ ಉಬ್ಬಸ'ವೆಂದೇ ಅದಕ್ಕೆ ಹೆಸರಾಗಿತ್ತು. ಸಿಲಿಕಾದ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕಿಳಿದು ಅಲ್ಲಿ ಗಾಯ ಮಾಡಿ ಗಂಟು ಕಟ್ಟಿಸುತ್ತವೆ. ಸಿಲಿಕೋಸಿಸ್ ಎಂಬ ಈ ರೋಗವನ್ನು ತಡೆಯಬಹುದು, ಆದರೆ ಬಂದ ಮೇಲೆ ಗುಣಪಡಿಸುವ ಮದ್ದಿಲ್ಲ. ಈಗಿನ ಎಮರಿ ಪಟ್ಟಿ, ಚಕ್ರಗಳಲ್ಲಿ ಹೆಚ್ಚಾಗಿ ಕೃತಕ ಅಪಘರ್ಷಕಗಳಿರುವುದು ನಿಜ. ಆದರೆ ಆ ಕಂದು ಗಟ್ಟಿಯ ಟ್ರಿಪೋಲಿ ಸಿಲಿಕಾವೇ ತಾನೇ.

ಧೂಳಿಗೆ ಇನ್ನೊಂದು ಮುಖವೂ ಇದೆ. ಅಲ್ಯೂಮಿನಿಯಂ ಗಟ್ಟಿಯಾಗಿದ್ದಾಗ ಸಾಧು. ನುಣ್ಣನೆಯ ಪುಡಿಯಾಗಿ ಗಾಳಿಯಲ್ಲಿ ತೇಲಿದಾಗ ಸಿಡಿಮದ್ದು. 2011ರ ಮೇ 20ರಂದು ಚೀನಾದ ಚೆಂಗ್ಡುವಿನಲ್ಲಿ ಐಪ್ಯಾಡ್ ತಯಾರಿಸುತ್ತಿದ್ದ ಫಾಕ್ಸ್‌ಕಾನ್ ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿ ಇಂಥ ಧೂಳು ಸ್ಫೋಟಿಸಿ ನಾಲ್ವರು ಪ್ರಾಣ ಕಳೆದುಕೊಂಡರು. 2014ರ ಆಗಸ್ಟ್ 2ರಂದು ಅದೇ ದೇಶದ ಕುನ್‌ಶಾನಿನಲ್ಲಿ ಕಾರಿನ ಚಕ್ರಗಳಿಗೆ ಹೊಳಪು ಕೊಡುತ್ತಿದ್ದ ಕಾರ್ಖಾನೆಯೊಂದರಲ್ಲಿ ನೂರಕ್ಕೂ ಹೆಚ್ಚು ಜನ ಸತ್ತರು. ಫಾಕ್ಸ್‌ಕಾನ್ ಈಗ ನಮ್ಮ ದೇವನಹಳ್ಳಿಯ ಬಳಿ ನೆಲೆಯೂರಿ 2025ರಲ್ಲಿ ಐಫೋನ್ ಉತ್ಪಾದನೆ ಆರಂಭಿಸಿದೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೂ ಅಲ್ಲಿ ದುಡಿಯುತ್ತಿದ್ದಾರೆ. ಅಷ್ಟು ದೊಡ್ಡ ಕಾರ್ಖಾನೆಯ ಮೇಲೆ ಜಗತ್ತಿನ ಕಣ್ಣಿರುತ್ತದೆ, ಕಾನೂನಿನ ಕಣ್ಣೂ ಇರುತ್ತದೆ. ನನ್ನ ಚಿಂತೆ ತಗಡಿನ ಶೆಡ್ಡುಗಳದ್ದು. 1948ರ ಕಾರ್ಖಾನೆಗಳ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸುವ ಕಡೆ 10 ಕಾರ್ಮಿಕರಿದ್ದರೆ ಅದು ಕಾರ್ಖಾನೆಯಾಗುತ್ತಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ ಆ ಸಂಖ್ಯೆ 20. ಐದು ಜನರ ಬಫಿಂಗ್ ಶೆಡ್ಡು ಹಳೆಯ ಲೆಕ್ಕದಲ್ಲಿಯೂ ಕಾರ್ಖಾನೆಯಲ್ಲ, ಹೊಸ ಲೆಕ್ಕದಲ್ಲಿಯೂ ಅಲ್ಲ. ಆದರೆ ಶ್ವಾಸಕೋಶಕ್ಕೆ ಈ ಲೆಕ್ಕ ತಿಳಿಯದಲ್ಲ!

ಕೈಬೆರಳುಗಳ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎಂಟು ಅಂಗುಲ ವ್ಯಾಸದ ಚಕ್ರ ನಿಮಿಷಕ್ಕೆ 2800 ಸುತ್ತು ತಿರುಗಿದರೆ ಅದರ ಅಂಚು ಓಡುವ ವೇಗ ಗಂಟೆಗೆ ಸುಮಾರು 107 ಕಿಲೋಮೀಟರ್. ನಾಲ್ಕಂಗುಲದ ಕೈ ಗ್ರೈಂಡರು ನಿಮಿಷಕ್ಕೆ 11,000 ಸುತ್ತು ತಿರುಗಿದಾಗ 200 ಕಿಲೋಮೀಟರಿಗೂ ಹೆಚ್ಚು. ಪೈ ಗುಣಿಸು ವ್ಯಾಸ ಗುಣಿಸು ಸುತ್ತು, ನೀವೇ ಮಾಡಿ ನೋಡಿ. ಕಡಿಮೆ ವೇಗಕ್ಕೆಂದು ಮಾಡಿದ ಬಟ್ಟೆಯ ಬಫನ್ನು ಗ್ರೈಂಡರಿಗೆ ಸಿಕ್ಕಿಸಿದರೆ ಅದು ಹರಿದು ಹಾರುತ್ತದೆ. ಸಡಿಲವಾದ ಕೈಗವಸು, ತೋಳು, ಶಾಲು ಚಕ್ರಕ್ಕೆ ಸಿಕ್ಕರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಪಾತ್ರೆಯನ್ನು ಚಕ್ರದ ನಡುಮಟ್ಟಕ್ಕಿಂತ ಕೊಂಚ ಕೆಳಗೆ ಹಿಡಿಯಬೇಕು. ಅಂಚು ಚಕ್ರದ ಓಟಕ್ಕೆ ಎದುರಾಗಬಾರದು. ಇದನ್ನೆಲ್ಲ ನನಗೆ ಕಲಿಸಿದವನು ನನ್ನ ಶಿಷ್ಯನೇ. ಬೆರಳಿನ ಬಗ್ಗೆ ಇಷ್ಟು ಎಚ್ಚರವಿದ್ದವನು ಉಸಿರಿನ ಬಗ್ಗೆ ಉದಾಸೀನನಾಗಿದ್ದ. ಬೆರಳು ಕಳೆದರೆ ಅದೇ ಗಳಿಗೆಯಲ್ಲಿ ತಿಳಿಯುತ್ತದೆ. ಉಸಿರು ಕಳೆಯುವುದು ತಿಳಿಯಲು ವರ್ಷಗಳೇ ಬೇಕು.

ಮರುವಾರ ಅವನನ್ನು ಕರೆದುಕೊಂಡು ಎದೆರೋಗ ತಜ್ಞರಲ್ಲಿಗೆ ಹೋದೆ. ಈ ಸಲ ಅವನು ತನ್ನ ಕೆಲಸವನ್ನು ಇದ್ದದ್ದಿದ್ದಂತೆ ಹೇಳಿದ. ಎಕ್ಸ್-ರೇ ತೆಗೆದರು, ಕೊಳವೆಯೊಳಗೆ ಜೋರಾಗಿ ಊದಿಸಿ ಶ್ವಾಸಕೋಶದ ಶಕ್ತಿ ಅಳೆದರು. ಶ್ವಾಸನಾಳಗಳು ಕೆರಳಿವೆ, ಗಂಟುಗಳು ಕಾಣುತ್ತಿಲ್ಲ, ಆದರೆ ವರ್ಷಕ್ಕೊಮ್ಮೆ ಪರೀಕ್ಷೆ ಆಗಲೇಬೇಕು, ಧೂಳು ನಿಲ್ಲಲೇಬೇಕು ಎಂದರು ವೈದ್ಯರು. ಹೊರಗೆ ಬಂದ ಮೇಲೆ ಅವನು ಕೇಳಿದ ಮೊದಲ ಪ್ರಶ್ನೆ ತನ್ನ ಬಗ್ಗೆ ಆಗಿರಲಿಲ್ಲ. "ನಮ್ಮ ಹುಡುಗರನ್ನೂ ತೋರಿಸಬೇಕಲ್ವಾ ಸಾರ್?" ಎಂದ. ನಾಲ್ವರನ್ನೂ ತೋರಿಸಿದ್ದಾಯಿತು.

ಈಗ ಶೆಡ್ಡಿನಲ್ಲಿ ಕರವಸ್ತ್ರ ಹೋಗಿ ಎನ್-95 ಮುಖಗವಸು ಬಂದಿದೆ. ಕಂದು ಗಟ್ಟಿಯ ಬದಲು ಸಿಲಿಕಾ ಇಲ್ಲದ್ದನ್ನು ತರಿಸುತ್ತಿದ್ದಾನೆ. ಅಲ್ಯೂಮಿನಿಯಂ ಕೆಲಸಕ್ಕೆ ಚಕ್ರವೇ ಬೇರೆ; ಕಬ್ಬಿಣದ ಕಿಡಿ ಅತ್ತ ಸುಳಿಯುವಂತಿಲ್ಲ. ಆದರೆ ಮುಖ್ಯವಾದ ಕೆಲಸ ಬಾಕಿಯಿದೆ. ಗಾಳಿ ಊದುವ ಫ್ಯಾನು ಧೂಳನ್ನು ಚದುರಿಸುತ್ತದೆ ಅಷ್ಟೇ. ಚಕ್ರದ ಬುಡದಲ್ಲೇ ಬಾಯಿ ತೆರೆದು, ಧೂಳು ಹುಟ್ಟಿದೊಡನೆ ಎಳೆದು, ಶೆಡ್ಡಿನ ಹೊರಗೆ ಶೇಖರಿಸುವ ವ್ಯವಸ್ಥೆ ಬೇಕು. ಮಾರುಕಟ್ಟೆಯಲ್ಲಿ ಸಿಗುವ ಯಂತ್ರದ ಬೆಲೆ ಅವನ ಒಂದು ವರ್ಷದ ಉಳಿತಾಯಕ್ಕಿಂತ ಹೆಚ್ಚು.

ನನ್ನ ಶಿಷ್ಯರಲ್ಲಿ ಯಂತ್ರಶಾಸ್ತ್ರ ಓದಿದವರು ಹಲವರಿದ್ದೀರಿ. ಪೀಣ್ಯದಲ್ಲಿ, ದಾಬಸ್‌ಪೇಟೆಯಲ್ಲಿ, ಹೊಸಕೋಟೆಯಲ್ಲಿ ದೊಡ್ಡ ಹುದ್ದೆಗಳಲ್ಲಿದ್ದೀರಿ. ಐದು ಜನರ ಶೆಡ್ಡಿಗೆ ಒಗ್ಗುವ, ಸ್ಥಳೀಯ ತಗಡಿನ ಕೆಲಸದವನು ಮಾಡಿಕೊಡಬಲ್ಲ ಧೂಳೆಳೆಯುವ ಕೊಳವೆಯೊಂದನ್ನು ನಿಮ್ಮಲ್ಲಿ ಯಾರಾದರೂ ಲೆಕ್ಕ ಹಾಕಿ ರೂಪಿಸಿಕೊಡಬಲ್ಲಿರಾ? ಕೊಳವೆಯ ವ್ಯಾಸ, ಗಾಳಿಯ ವೇಗ, ಫ್ಯಾನಿನ ಶಕ್ತಿ, ಅಲ್ಯೂಮಿನಿಯಂ ಧೂಳಿಗೆ ಬೇಕಾದ ಪ್ರತ್ಯೇಕ ಎಚ್ಚರಿಕೆ, ಇವೆಲ್ಲ ಅನುಭವಸ್ಥರೇ ಹೇಳಬೇಕು. ಹೈಸ್ಕೂಲು ಮೇಷ್ಟ್ರ ಭೌತಶಾಸ್ತ್ರ ಅಲ್ಲಿಯವರೆಗೆ ಹೋಗದು. ಒಂದು ಶೆಡ್ಡಿನಲ್ಲಿ ಅದು ಸರಿಹೋದರೆ ಅಕ್ಕಪಕ್ಕದ ನಾಲ್ಕಾರು ಶೆಡ್ಡಿನವರೂ ಹಾಕಿಸಿಕೊಳ್ಳುತ್ತೇವೆಂದು ಹೇಳಿದ್ದಾರೆ. ತಗಡಿನ ಖರ್ಚನ್ನು ತಾನೇ ಕೊಡುತ್ತೇನೆಂದು ಅವನು ಪಟ್ಟು ಹಿಡಿದಿದ್ದಾನೆ. ಕೇಳುತ್ತಿರುವುದು ನಿಮ್ಮ ವಿದ್ಯೆಯನ್ನು ಮಾತ್ರ. ಆಯುಧಪೂಜೆಯ ದಿನ ಮೋಟಾರು ನಿಲ್ಲಿಸಿ, ಚಕ್ರ ಬಿಚ್ಚಿ, ಎಲ್ಲವನ್ನೂ ತೊಳೆದು ಕುಂಕುಮ ಇಡುವುದು ಅವರಲ್ಲಿ ವಾಡಿಕೆ. ಅಷ್ಟರೊಳಗೆ ಕೊಳವೆ ಕೂರಿಸಿದರೆ ಅದಕ್ಕೂ ಒಂದು ಹೂವು ಏರಿಸಬಹುದು. ಬಲ್ಲವರು ದಯವಿಟ್ಟು ನನಗೆ ಬರೆಯಿರಿ, ಇಲ್ಲವೇ ಭಾನುವಾರ ಮನೆಗೆ ಬನ್ನಿ. ಅಲ್ಲಿಂದ ಶೆಡ್ಡಿಗೆ ನಾನೇ ಕರೆದೊಯ್ಯುತ್ತೇನೆ.